ಹಗುರ ಕಾಲು

ದೇವರು ಮನುಷ್ಯನನ್ನು ಮಾಡುವಾಗ ನೋವನ್ನು ಒಳಗಿಟ್ಟ, ಬಾಯನ್ನು ಹೊರಗಿಟ್ಟ. ಎರಡರ ನಡುವಿನ ದಾರಿ ಉದ್ದ. ಒಳಗಿನದು ಬಾಯಿಗೆ ಬರುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಉಳಿದರ್ಧವನ್ನು ನಂಬುವುದೋ ಬಿಡುವುದೋ ಕೇಳಿದವರಿಗೆ ಬಿಟ್ಟದ್ದು. ಯಾರೂ ನಂಬದೇ ಹೋದ ಒಂದು ಕಾಲಿನ ಕತೆ ಹೇಳುತ್ತೇನೆ, ಕೇಳಿ.

ಆ ಕಾಲು ಗೋಡೆಗೆ ಬಣ್ಣ ಹೊಡೆಯುವ ಒಬ್ಬನದು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇತ್ತು, ಆದರೆ ಬೀದಿಯವರೆಲ್ಲ ಕರೆಯುತ್ತಿದ್ದದ್ದು ನೆಪಣ್ಣ ಎಂದು. ಕೆಲಸಕ್ಕೆ ಹೋಗದಿರಲು ಅವನ ಬಳಿ ಯಾವಾಗಲೂ ಒಂದು ನೆಪ ಸಿದ್ಧವಿರುತ್ತಿತ್ತು. ಬಿಸಿಲು ಜಾಸ್ತಿಯಾದರೆ ತಲೆನೋವು, ಮೋಡ ಕವಿದರೆ ಮೈಕೈ ನೋವು. ಒಂದು ಸಲ ಸೋದರಮಾವ ತೀರಿಕೊಂಡನೆಂದು ಭಾವನ ಬಳಿ ರಜೆ ಕೇಳಿದ್ದ. ಭಾವ ಎಂದರೆ ಅಕ್ಕನ ಗಂಡ. ಕೆಲಸ ಹಿಡಿಯುತ್ತಿದ್ದವನು ಅವನೇ, ನೆಪಣ್ಣ ಇದ್ದದ್ದೂ ಅವರ ಮನೆಯಲ್ಲೇ. ತನ್ನ ಸೋದರಮಾವ ಅಕ್ಕನಿಗೂ ಸೋದರಮಾವನೇ ಎಂಬುದು ರಜೆ ಕೇಳುವ ಉತ್ಸಾಹದಲ್ಲಿ ಮರೆತೇಹೋಗಿತ್ತು. ಅಕ್ಕ ಅಡುಗೆಮನೆಯಿಂದಲೇ, "ಹೌದೇನೋ? ನಿನ್ನೆ ಸಂಜೆ ನನ್ನ ಜೊತೆ ಫೋನಲ್ಲಿ ಮಾತಾಡ್ತಿದ್ದವರು ಯಾರು, ಅವರ ಆತ್ಮಾನಾ?" ಎಂದು ಕೇಳಿದ್ದಳು. ಆ ಮಾತು ಬೀದಿಯಲ್ಲಿ ಬಹಳ ಕಾಲ ಓಡಾಡಿತು.

ಮನಸ್ಸು ಬಂದು ಏಣಿ ಹತ್ತಿದನೆಂದರೆ ಮಾತ್ರ ನೆಪಣ್ಣನಂಥ ಕೆಲಸಗಾರ ಇಲ್ಲ. ಚಾವಣಿಗೂ ಗೋಡೆಗೂ ನಡುವಿನ ಅಂಚನ್ನು ಅವನು ಕುಂಚದ ತುದಿಯಲ್ಲಿ ಎಳೆದರೆ ದಾರ ಹಿಡಿದು ಎಳೆದಂತಿರುತ್ತಿತ್ತು. ಅವನು ಮೇಲೆ, ಭಾವ ಕೆಳಗೆ ಏಣಿ ಹಿಡಿದು. ಹೀಗೆಯೇ ಇಬ್ಬರೂ ಎಷ್ಟೋ ಮನೆಗಳ ಗೋಡೆ ಮುಗಿಸಿದ್ದರು. ಅವರಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಕೆಳಗಿನವನು ಯಾವ ಕಾರಣಕ್ಕಾದರೂ ಏಣಿ ಬಿಡಬೇಕಾದರೆ ಮೊದಲು "ಬಿಡ್ತೀನಿ" ಎನ್ನಬೇಕು. ಮೇಲಿನವನು ಕೆಲಸ ನಿಲ್ಲಿಸಿ, ಗೋಡೆಗೆ ಕೈಯಿಟ್ಟು, "ಹೂಂ" ಎನ್ನಬೇಕು. ಆ ಹೂಂ ಕೇಳುವವರೆಗೆ ಏಣಿಯಿಂದ ಕೈ ತೆಗೆಯುವಂತಿಲ್ಲ. ಮನೆಯಲ್ಲಿ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಈ ಎರಡು ಮಾತನ್ನು ಅವರು ಬಿಟ್ಟವರಲ್ಲ.

ಇನ್ನೊಂದು ವಿಷಯವೂ ಹೇಳಬೇಕು. ಇಡೀ ದಿನ ಏಣಿಯ ಮೇಲೆ ನಿಲ್ಲುವವನು ಎರಡೂ ಕಾಲಿನ ಮೇಲೆ ಸಮನಾಗಿ ನಿಂತರೆ ಮಧ್ಯಾಹ್ನದೊಳಗೆ ಸೋತುಹೋಗುತ್ತಾನೆ. ಹಾಗಾಗಿ ಮೈಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು ಇನ್ನೊಂದನ್ನು ಸುಮ್ಮನೆ ಮೆಟ್ಟಿಲಿಗೆ ತಾಗಿಸಿರುತ್ತಾನೆ. ಇವರು ಅದನ್ನು ಹಗುರ ಕಾಲು ಎನ್ನುತ್ತಿದ್ದರು. ನೆಪಣ್ಣನಿಗೆ ಇದು ಎಷ್ಟು ಮೈಗೂಡಿತ್ತೆಂದರೆ ನೋಡಿದವರಿಗೆ ಅವನು ಕಂಬದ ಹಾಗೆ ನೆಟ್ಟಗೆ ನಿಂತಂತೆಯೇ ಕಾಣುತ್ತಿತ್ತು. ಯಾವ ಕಾಲು ಹಗುರ ಎಂಬುದು ಗೊತ್ತಾಗುತ್ತಿದ್ದದ್ದು ಕೆಳಗೆ ಏಣಿ ಹಿಡಿದವನ ಅಂಗೈಗೆ ಮಾತ್ರ.

ಬಿದ್ದ ದಿನ ಅವರು ಒಂದು ಹೊಸ ಮನೆಯ ಮಹಡಿಯಲ್ಲಿದ್ದರು. ನೆಲಕ್ಕೆ ಹೊಳಪು ಕೊಟ್ಟು ಮುಗಿದಿತ್ತು, ಹಾಸಿದ್ದ ಕಾಗದ ಒಂದು ಕಡೆ ಸರಿದಿತ್ತು. ನೆಪಣ್ಣನ ಕುಂಚದಿಂದ ಒಂದು ಹನಿ ಕೆಳಗೆ ಬಿತ್ತು. ಭಾವನಿಗೆ ಹನಿ ಎಂದರೆ ಆಗದು. ಒಣಗಿದರೆ ಬ್ಲೇಡಿನಲ್ಲಿ ಕೆರೆಯಬೇಕು, ಕೆರೆದರೆ ನೆಲಕ್ಕೆ ಗೀರು ಬೀಳುತ್ತದೆ. ಹೆಗಲ ಮೇಲಿನ ಬಟ್ಟೆ ತೆಗೆದು, ಬಗ್ಗಿ, ಹನಿಯನ್ನು ಒರೆಸಿದ. ಬಿಡ್ತೀನಿ ಎನ್ನಲಿಲ್ಲ. ಹೂಂಗೆ ಕಾಯಲಿಲ್ಲ. ಒಂದು ಹನಿ ಒರೆಸುವಷ್ಟು ಹೊತ್ತು, ಅಷ್ಟೇ.

ಏಣಿಯ ಕಾಲು ಹೊಳಪಿನ ನೆಲದಲ್ಲಿ ಜಾರಿತು. ನೆಪಣ್ಣನ ಬಲಗಾಲಿನ ಮುಂಭಾಗ ಎರಡು ಮೆಟ್ಟಿಲುಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಮೈ ತಿರುಚಿಕೊಂಡು ಕೆಳಗೆ ಬಂತು. ಬಣ್ಣದ ಡಬ್ಬಿ ಅವನ ಹಿಂದೆಯೇ ಬಿತ್ತು.

ಭಾವ ಬಟ್ಟೆ ಹಿಡಿದುಕೊಂಡೇ ಓಡಿಬಂದ. ಅವನ ಬಾಯಿಂದ ಹೊರಟ ಮೊದಲ ಮಾತು, "ಕಾಲು ನೆಟ್ಟಗೆ ಇಡೋಕೆ ಬರಲ್ವೇನೋ ನಿಂಗೆ!"

ಆ ಮಾತು ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. ಆದರೆ ಒಮ್ಮೆ ಆಡಿದ ಮೇಲೆ ಅದರ ಹಿಂದೆಯೇ ನಡೆಯಬೇಕಾಯಿತು. ಕಾಲಿಗೆ ಏನೂ ಆಗಿಲ್ಲವಾದರೆ ಏಣಿ ಬಿಟ್ಟದ್ದಕ್ಕೆ ಲೆಕ್ಕವಿಲ್ಲ, ಯಾರೂ ಕೇಳುವುದೂ ಇಲ್ಲ. ಕಾಲಿಗೆ ಏನಾದರೂ ಆಗಿದ್ದರೆ ಅದು ತನ್ನ ಕೈಯಿಂದ ಆದದ್ದು. ಭಾವ ಕೆಟ್ಟವನಲ್ಲ. ಆದರೆ ಆ ಕಾಲು ಸರಿಯಾಗಿರಲಿ ಎಂದು ಅವನು ದೇವರನ್ನು ಬೇಡಿಕೊಂಡಾಗ ಆ ಬೇಡಿಕೆಯಲ್ಲಿ ಕಾಲಿನ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ದೇವರಿಗೇ ಗೊತ್ತು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಕಾಲನ್ನು ಒತ್ತಿ ನೋಡಿ ಎಕ್ಸ್‌ರೇಗೆ ಕಳಿಸಿದರು. ಎಕ್ಸ್‌ರೇ ತೆಗೆಯುವಾಕೆ ನಡುವಯಸ್ಸಿನ, ಮಾತಿನ ಹೆಂಗಸು. ಬಂದವರೆಲ್ಲ ಆಕೆಯನ್ನು ಎಕ್ಸ್‌ರೇ ಅಮ್ಮ ಎಂದೇ ಕರೆಯುತ್ತಿದ್ದರು. ಆಕೆ ಒಂದು ಗಟ್ಟಿ ಹಲಗೆಯನ್ನು ನೆಲದ ಮೇಲಿಟ್ಟು, "ಇದರ ಮೇಲೆ ನಿಂತ್ಕೊಳ್ಳಿ. ಮಲಗಿಸಿ ತೆಗೆದ್ರೆ ಕಾಲು ಆರಾಮಾಗಿರುತ್ತೆ, ಗುಟ್ಟು ಬಿಟ್ಟುಕೊಡಲ್ಲ. ನಿಂತಾಗಲೇ ಅದರ ಬಣ್ಣ ಬಯಲಾಗೋದು" ಎಂದಳು.

ನೆಪಣ್ಣ ಹಲ್ಲು ಕಚ್ಚಿ ನಿಂತ. ಉಸಿರನ್ನೂ ಬಿಗಿಹಿಡಿದ.

"ಉಸಿರು ಯಾಕೆ ಹಿಡ್ಕೊಂಡಿದೀರಿ? ಇದು ಎದೆ ಫೋಟೊ ಅಲ್ಲಪ್ಪ, ಕಾಲಿಂದು. ಕಾಲು ಉಸಿರಾಡಲ್ಲ."

"ನನ್ನ ಕಾಲು ಉಸಿರಾಡ್ತಿದೆ ತಾಯಿ. ಬುಸ್ ಬುಸ್ ಅಂತಿದೆ."

ಆಕೆ ನಕ್ಕಳು, ಗುಂಡಿ ಒತ್ತಿದಳು. ಚಿತ್ರ ಬಂತು. ಎಲುಬುಗಳೆಲ್ಲ ಅವುಗಳ ಜಾಗದಲ್ಲಿ ಇದ್ದವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮುರಿದಿಲ್ಲ, ಉಳುಕಿದೆ ಎಂದರು. ಪಟ್ಟಿ ಸುತ್ತಿ, ಮಾತ್ರೆ ಬರೆದು, ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಹೋಗಬಹುದೆಂದರು. ಬಾಗಿಲ ಬಳಿ ನಿಂತಿದ್ದ ಭಾವ ಉಸಿರು ಬಿಟ್ಟ ಸದ್ದು ಒಳಗಿನವರಿಗೂ ಕೇಳಿಸಿತು.

ಮನೆಗೆ ಬಂದ ಮೇಲೆ ಭಾವ ಆ ಫಿಲ್ಮನ್ನು ಕವರಿನಲ್ಲಿ ಇಡಲಿಲ್ಲ. ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಟಿಸಿದ. ಬೆಳಕು ಬಿದ್ದಾಗ ನೆಪಣ್ಣನ ಎಲುಬುಗಳು ಅಲ್ಲಿ ಹೊಳೆಯುತ್ತಿದ್ದವು. ನೆರೆಯವರು ಬಂದರೆ ಭಾವ ಕೈಮಾಡಿ ತೋರಿಸುತ್ತಿದ್ದ. "ನೋಡಿ, ಮದುವೆ ಫೋಟೊ ಕೂಡ ಇಷ್ಟು ಚೆನ್ನಾಗಿ ಬರಲ್ಲ. ಎಲ್ಲಾದ್ರೂ ಒಂದು ಗೀರು ಇದೆಯಾ?"

"ಎಲುಬು ಸರಿಯಿದೆ, ಮನಸ್ಸೇ ಮುರಿದಿರೋದು ಪಾಪ, ಕೆಲಸ ಅಂದ್ರೆ" ಎಂದು ಪಕ್ಕದ ಮನೆಯಾಕೆ ನಕ್ಕಳು.

ಅಕ್ಕ ನಗಲಿಲ್ಲ, ಆದರೆ ತಮ್ಮನ ಪರವಾಗಿ ಮಾತೂ ಆಡಲಿಲ್ಲ. ಸಾಯದ ಸೋದರಮಾವನ ನೆನಪು ಅವಳಿಗೂ ಇತ್ತು. "ಸ್ವಲ್ಪ ಓಡಾಡು ಕಣೋ. ಕೂತಷ್ಟೂ ಕಾಲು ಹಿಡ್ಕೊಳುತ್ತೆ" ಎಂದಷ್ಟೇ ಹೇಳಿದಳು.

ನೆಪಣ್ಣ ಓಡಾಡಲು ನೋಡಿದ. ಹಿಮ್ಮಡಿಯ ಮೇಲೆ ಹೆಜ್ಜೆಯಿಟ್ಟರೆ ಹೇಗೋ ಆಗುತ್ತಿತ್ತು. ಹೆಜ್ಜೆ ಮುಂದಕ್ಕೆ ಉರುಳಿ ಪಾದದ ನಡು ನೆಲಕ್ಕೆ ತಾಗಿದರೆ ಒಳಗೆ ಏನೋ ಬಾಯಿಬಿಟ್ಟಂತಾಗಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಗೋಡೆ ಹಿಡಿದು ಕಿಟಕಿಯವರೆಗೆ ಹೋಗಿ ಆ ಚಿತ್ರವನ್ನು ನೋಡುವನು, ಬಗ್ಗಿ ತನ್ನ ಕಾಲನ್ನು ನೋಡುವನು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಯಂತ್ರಕ್ಕೆ ಸುಳ್ಳು ಹೇಳಿ ಏನು ಲಾಭ? ಸುಳ್ಳು ಹೇಳಿ ಅಭ್ಯಾಸವಿದ್ದದ್ದು ಅವನಿಗೆ. ಇಷ್ಟು ವರ್ಷ ನಾಲಿಗೆ ಆಡಿದ ಆಟವನ್ನು ಈಗ ಕಾಲು ಕಲಿತಿರಬಹುದೇ ಎಂದು ಅವನಿಗೇ ಅನುಮಾನ ಬಂತು. ಬೇರೆಯವರು ನಮ್ಮನ್ನು ನಂಬದಿದ್ದರೆ ಸಿಟ್ಟು ಬರುತ್ತದೆ, ಸಿಟ್ಟು ಒಂದು ಆಸರೆ. ನಾವೇ ನಮ್ಮನ್ನು ನಂಬದಾದಾಗ ಆ ಆಸರೆಯೂ ಇರುವುದಿಲ್ಲ.

ಶನಿವಾರ ಊಟಕ್ಕೆ ಕೂತಾಗ ಭಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದ. "ಸೋಮವಾರ ಶಾಲೆ ಕೆಲಸ ಶುರು. ಮೆಟ್ಟಿಲು ಹತ್ತೋ ಕಡೆ ಗೋಡೆ ಎರಡಾಳೆತ್ತರಕ್ಕಿಂತ ಜಾಸ್ತಿ ಇದೆ. ನೀನು ಏಣಿ ಹತ್ತಬೇಕು."

"ಆಗಲ್ಲ ಭಾವ."

"ಕಿಟಕಿ ನೋಡಿ ಹೇಳು, ಆಗಲ್ಲ ಅಂತ."

ನೆಪಣ್ಣ ಕಿಟಕಿ ನೋಡಲಿಲ್ಲ.

"ಹತ್ತಲ್ಲ ಅಂದ್ರೆ ನಾನು ಬೇರೆ ಜೋಡಿ ನೋಡ್ಕೋತೀನಿ. ನೀನು ಬೇರೆ ಮನೆ ನೋಡ್ಕೋ. ಕೂರಿಸಿ ಅನ್ನ ಹಾಕಿದ್ದು ಸಾಕು."

ಅಕ್ಕ ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. "ರೀ" ಎಂದಳು. ಭಾವ ಕೈ ತೊಳೆಯಲು ಎದ್ದುಹೋದ.

ಆ ದಿನ ಮಲಗುವ ಮುಂಚೆ ನೆಪಣ್ಣ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದ. ದೇವರ ಬಳಿ ಅವನು ಎಂದೂ ನೆಪ ಹೇಳಿದವನಲ್ಲ. "ಸ್ವಾಮೀ, ಈ ನೋವು ನಿಜ ಆಗಿದ್ರೆ ಯಾರಿಗಾದ್ರೂ ಒಬ್ಬರಿಗೆ ತೋರ್ಸು. ಸುಳ್ಳಾಗಿದ್ರೆ ತೆಗೆದುಬಿಡು. ಎರಡೂ ಅಲ್ಲದೆ ಹೀಗೆ ನಡುವೆ ನೇತು ಹಾಕಬೇಡ" ಎಂದು ಕೇಳಿಕೊಂಡ.

ಮರುದಿನ ಬೆಳಿಗ್ಗೆ ಅಕ್ಕ ನೆಲ ಒರೆಸುತ್ತ ಬಂದಳು. ತಮ್ಮ ಇನ್ನೂ ಎದ್ದಿರಲಿಲ್ಲ. ಪಟ್ಟಿ ಬಿಚ್ಚಿಹೋಗಿ ಬಲಗಾಲು ಹೊದಿಕೆಯಿಂದ ಹೊರಗೆ ಚಾಚಿತ್ತು. ಅಂಗಾಲಿನ ನಡುವೆ ನೀಲಿ ಬಣ್ಣ ಮೆತ್ತಿತ್ತು.

"ಥೂ, ಕಾಲು ತೊಳೀದೇನೇ ಹಾಸಿಗೆಗೆ ಬಂದಿದೀಯಲ್ಲೋ. ಹೊದಿಕೆಗೆಲ್ಲ ಬಣ್ಣ ಮಾಡಿದ್ರೆ ಒಗೆಯೋರು ಯಾರು?" ಎನ್ನುತ್ತ ಮೂಲೆಯಲ್ಲಿದ್ದ, ಬಣ್ಣ ತೆಗೆಯುವ ಟರ್ಪೆಂಟೈನ್ ಬಾಟಲಿ ತಂದಳು. ಬಣ್ಣದವನ ಮನೆಯಲ್ಲಿ ಹುಟ್ಟಿ, ಬಣ್ಣದವನನ್ನೇ ಕಟ್ಟಿಕೊಂಡವಳು. ಬಟ್ಟೆಯ ತುದಿಯನ್ನು ಅದ್ದಿ ಉಜ್ಜಿದಳು.

ನೆಪಣ್ಣ ಕಿರುಚಿಕೊಂಡು ಎದ್ದು ಕೂತ.

"ಸುಮ್ನಿರೋ, ಹೋಗ್ತಾನೇ ಇಲ್ಲ ಇದು. ಯಾವ ಮನೆ ಬಣ್ಣನೋ?"

"ಯಾವ ಬಣ್ಣ?"

"ಈ ನೀಲಿ."

ನೆಪಣ್ಣ ಕಾಲನ್ನು ಮಡಿಚಿ ಕಷ್ಟಪಟ್ಟು ನೋಡಿದ. "ನಾವು ಈಚೆಗೆ ಎಲ್ಲೂ ನೀಲಿ ಹೊಡೆದೇ ಇಲ್ಲ ಅಕ್ಕ."

ಅಕ್ಕ ಬಟ್ಟೆಯನ್ನು ನೋಡಿದಳು. ಬಟ್ಟೆ ಬೆಳ್ಳಗೇ ಇತ್ತು. ಮತ್ತೆ ಅಂಗಾಲನ್ನು ನೋಡಿದಳು. ನೀಲಿಯ ಅಂಚು ಹಳದಿಗೆ ತಿರುಗಿತ್ತು, ಚರ್ಮದ ಒಳಗಿನಿಂದ ಒಸರಿ ಬಂದಂತಿತ್ತು. ಅವಳು ಅಲ್ಲೇ, ಒದ್ದೆ ನೆಲದ ಮೇಲೆ, ಕೂತುಬಿಟ್ಟಳು. ತಮ್ಮ ಚಿಕ್ಕವನಿದ್ದಾಗ ಆ ಕಾಲಿಗೆ ಎಷ್ಟೋ ಸಲ ಎಣ್ಣೆ ಹಚ್ಚಿದ ಕೈ ಅದು. ಈಗ ಗಾಯಕ್ಕೆ ಟರ್ಪೆಂಟೈನ್ ಹಾಕಿ ಉಜ್ಜಿದ ಕೈಯೂ ಅದೇ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಗಂಡನಿದ್ದಲ್ಲಿಗೆ ಹೋದಳು.

"ನಾಳೆ ಇವನನ್ನ ಮೂಳೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

"ನಾಳೆ ಶಾಲೆ ಕೆಲಸ ಇದೆ."

"ಶಾಲೆ ಗೋಡೆ ಎದ್ದು ಓಡಿಹೋಗಲ್ಲ. ಅವನ ಅಂಗಾಲು ನೋಡಿ ಬನ್ನಿ, ಆಮೇಲೆ ಮಾತಾಡಿ."

ಭಾವ ಹೋಗಿ ನೋಡಿದ. ಮುಖದ ಬಣ್ಣ ಇಳಿಯಿತು. ಆದರೆ ಹಿಡಿದ ಮಾತನ್ನು ಬಿಡಲು ಧೈರ್ಯ ಸಾಲದೆ, "ಆಯ್ತು. ನಾಳೆ ಫೋಟೊ ತೆಗೆಸ್ತೀನಿ. ಅದೂ ಸರಿ ಇದ್ರೆ ಅಲ್ಲಿಂದ ಸೀದಾ ಏಣಿಗೆ" ಎಂದ.

ಅದೇ ಆಸ್ಪತ್ರೆಯ ಮೂಳೆ ಡಾಕ್ಟರು ವಯಸ್ಸಾದವರು, ಮೆಲುದನಿಯವರು. ಕುರ್ಚಿ ಬಿಟ್ಟು ಗಿಡ್ಡ ಸ್ಟೂಲಿನ ಮೇಲೆ ಕೂತು ನೆಪಣ್ಣನ ಪಾದವನ್ನು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡರು. ನೀಲಿಯ ಸುತ್ತ ಮೆಲ್ಲಗೆ ಬೆರಳಾಡಿಸಿದರು. ಭಾವ ಕಿಟಕಿಯಿಂದ ಕಿತ್ತು ತಂದಿದ್ದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಇದರಲ್ಲಿ ಏನೂ ಇಲ್ಲ ಅಂದ್ರು ಸಾರ್" ಎಂದ ಭಾವ.

"ಹೌದು, ಏನೂ ಕಾಣ್ತಿಲ್ಲ. ಅವರು ಹೇಳಿದ್ದು ಸರಿನೇ. ಆದ್ರೆ ಅಂಗಾಲು ಹೀಗೆ ನೀಲಿ ಆದ್ರೆ ನನಗೆ ನಿದ್ದೆ ಬರಲ್ಲ. ಈ ನೀಲಿ ಬಿದ್ದ ದಿನವೇ ಬರಲ್ಲ, ತಡವಾಗಿ ಬರುತ್ತೆ. ಎರಡೂ ಪಾದ ಜೊತೆಗಿಟ್ಟು, ಪೂರ್ತಿ ಭಾರ ಬಿಟ್ಟು, ಇನ್ನೊಂದು ಫೋಟೊ ತೆಗೆಸೋಣ."

"ಅದರಲ್ಲೂ ಏನಿಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ? ಪಟ್ಟಿ ಕಟ್ಕೊಂಡು ನಿಧಾನವಾಗಿ ಕೆಲಸ ಶುರು ಮಾಡಲಿ. ಆಮೇಲೂ ನೋವಿದ್ರೆ ದೊಡ್ಡ ಸ್ಕ್ಯಾನ್ ಬಗ್ಗೆ ಯೋಚನೆ ಮಾಡೋಣ. ಆದ್ರೆ ಒಳಗೆ ಪೆಟ್ಟಿದ್ದು, ಗೊತ್ತಿಲ್ಲದೆ ಏಣಿ ಗೀಣಿ ಹತ್ತಿದ್ರೆ, ಪಾದದ ಕಮಾನು ಕುಸಿದುಬಿಡುತ್ತೆ. ಆಮೇಲೆ ನಾವು ಏನು ಮಾಡಿದ್ರೂ ಮೊದಲಿನ ಪಾದ ಆಗಲ್ಲ."

ಡಾಕ್ಟರು ಇದನ್ನು ನೆಪಣ್ಣನಿಗೆ ಹೇಳಿದ್ದು. ಕೇಳಿಸಿಕೊಂಡವನು ಭಾವ.

ನಾವು ದೇವರ ಮುಂದೆ ನಿಂತಾಗ ಮೊದಲು ನೆನೆಯುವುದು ಪಾದವನ್ನು. ಹಾಡುವುದು ಪಾದವನ್ನು, ತಲೆಯಿಡುವುದು ಪಾದಕ್ಕೆ. ನಮ್ಮ ಸ್ವಂತ ಪಾದವನ್ನು ಮಾತ್ರ ಧೂಳು ಕೆಸರು ಎನ್ನದೆ ತುಳಿಸಿ, ರಾತ್ರಿ ಮೂಲೆಯಲ್ಲಿ ಚಾಚಿ ಮರೆತುಬಿಡುತ್ತೇವೆ. ಎಕ್ಸ್‌ರೇ ಕೋಣೆಯಲ್ಲಿ ಆ ಸೋಮವಾರ ಒಂದು ಜೋಡಿ ಪಾದವನ್ನು ಮೂರು ಜನ ಒಟ್ಟಿಗೆ ನೋಡುತ್ತಿದ್ದರು. ಪಾದಗಳ ಒಡೆಯ ತಲೆ ಬಗ್ಗಿಸಿ ನೋಡುತ್ತಿದ್ದ. ಎಕ್ಸ್‌ರೇ ಅಮ್ಮ ಮಂಡಿಯೂರಿ ಕೂತು ಹೆಬ್ಬೆರಳುಗಳನ್ನು ನೇರ ಮಾಡುತ್ತಿದ್ದಳು. ಭಾವ ಬಾಗಿಲ ಗಾಜಿನ ಆಚೆ, ಎಕ್ಸ್‌ರೇ ಅಮ್ಮ ಗುಂಡಿ ಒತ್ತುವ ಜಾಗದ ಪಕ್ಕದಲ್ಲಿ ನಿಂತಿದ್ದ.

"ಪೂರ್ತಿ ಭಾರ ಬಿಟ್ಟಿದೀರಾ?" ಎಂದು ಆಕೆ ಕೇಳಿದಳು.

"ಬಿಟ್ಟಿದೀನಿ ತಾಯಿ."

"ಎರಡೂ ಕಾಲಿನ ಮೇಲೆ ಸಮನಾಗಿ?"

"ಹೂಂ."

ಅವನು ಸುಳ್ಳು ಹೇಳಲಿಲ್ಲ. ತಾನು ಸಮನಾಗಿ ನಿಂತಿದ್ದೇನೆ ಎಂದೇ ಅವನು ನಂಬಿದ್ದ. ಆಕೆಗೂ ಹಾಗೆಯೇ ಕಂಡಿತು. ಸೊಂಟ ನೇರ, ಹೆಗಲು ನೇರ, ಹಿಮ್ಮಡಿಗಳೆರಡೂ ಹಲಗೆಯ ಮೇಲೆ. ಬೇರೆ ಯಾರು ನೋಡಿದರೂ ಏನೂ ಕಾಣುತ್ತಿರಲಿಲ್ಲ. ಆಕೆ ಹೊರಗೆ ಬಂದು ಗುಂಡಿಗೆ ಕೈಯಿಟ್ಟಳು.

ಗಾಜಿನ ಆಚೆಯಿಂದ ಭಾವ ನೋಡಿದ. ನೋಡುತ್ತಿದ್ದಂತೆ ಅವನ ಎರಡೂ ಅಂಗೈಗಳು ತಾವಾಗಿ ಮಡಿಚಿಕೊಂಡವು, ಏಣಿಯ ಕಂಬ ಹಿಡಿದಂತೆ. ಇಷ್ಟು ವರ್ಷ ಅಂಗೈಯಲ್ಲಿ ಓದಿದ್ದನ್ನು ಈಗ ಕಣ್ಣು ಓದಿತು. ಎಡಗಾಲಿನ ಬೆರಳುಗಳು ಭಾರಕ್ಕೆ ಅಗಲಿ ಹಲಗೆಯನ್ನು ಅವುಚಿದ್ದವು. ಬಲಗಾಲಿನವು ಒಂದಕ್ಕೊಂದು ತಾಗಿಕೊಂಡು, ಹಾಸಿಗೆಯಲ್ಲಿ ಮಲಗಿದ ಮಕ್ಕಳಂತೆ, ಸುಮ್ಮನಿದ್ದವು. ಬಲಗಾಲು ಹಗುರ. ನೋವು ಹೆದರಿಸಿದ ತಕ್ಷಣ ಮೈ ತನಗೆ ಗೊತ್ತಿದ್ದ ವಿದ್ಯೆಯನ್ನು ತಾನೇ ಹೊರತೆಗೆದಿತ್ತು. ಮೊದಲ ಸಲವೂ ಹೀಗೆಯೇ ಆಗಿತ್ತು. ಕಿಟಕಿಯ ಗಾಜಿಗೆ ತಾನು ಅಂಟಿಸಿ ಊರಿಗೆಲ್ಲ ತೋರಿಸಿದ್ದು ಭಾರವೇ ಬೀಳದ ಕಾಲಿನ ಚಿತ್ರ.

ಸುಮ್ಮನಿದ್ದರೆ ಆಯಿತು. ಗುಂಡಿ ಒತ್ತುತ್ತಾರೆ, ಚಿತ್ರ ಸರಿಯಾಗಿ ಬರುತ್ತದೆ, ಡಾಕ್ಟರು ಒಳ್ಳೆಯದೇ ಆಯಿತು ಎನ್ನುತ್ತಾರೆ. ಏಣಿ ಬಿಟ್ಟ ಕೈಯ ಬಗ್ಗೆ ಯಾರಿಗೂ ಎಂದೂ ತಿಳಿಯುವುದಿಲ್ಲ. ಅವನು ಒಂದು ಮಾತೂ ಸುಳ್ಳು ಆಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮನುಷ್ಯನಿಗೆ ದೇವರು ಒಡ್ಡುವ ಪರೀಕ್ಷೆಗಳಲ್ಲಿ ಬಹಳಷ್ಟು ಹೀಗೆಯೇ ಇರುತ್ತವೆ. ಏನನ್ನೂ ಮಾಡಬೇಕಾಗಿಲ್ಲ ಎಂಬುದೇ ಅವುಗಳ ಕಷ್ಟ.

"ತಡೀರಿ ಅಮ್ಮ" ಎಂದ ಭಾವ. ಮತ್ತೆ ಜೋರಾಗಿ, "ಒತ್ತಬೇಡಿ. ಅದು ಹಗುರ ಕಾಲು."

"ಏನು ಕಾಲು?"

"ಅವನು ಬಲಗಾಲಿನ ಮೇಲೆ ನಿಂತಿಲ್ಲ. ಬರೀ ತಾಗಿಸಿದಾನೆ. ಏಣಿ ಮೇಲೆ ನಿಂತು ನಿಂತು ಅಭ್ಯಾಸ ಅವನಿಗೆ. ಹೋದ ಸಲಾನೂ ಹಾಗೇ ನಿಂತಿರ್ತಾನೆ."

ಎಕ್ಸ್‌ರೇ ಅಮ್ಮ ಒಳಗೆ ಹೋಗಿ ಮಂಡಿಯೂರಿದಳು. ಒಂದು ಹಾಳೆಯನ್ನು ತೆಗೆದು ನೆಪಣ್ಣನ ಎಡಗಾಲಿನ ಕೆಳಗೆ ತೂರಿಸಲು ನೋಡಿದಳು. ಹಾಳೆ ಮುದುಡಿತು. ಬಲಗಾಲಿನ ಕೆಳಗೆ ತೂರಿಸಿದಳು. ಬಾಗಿಲ ಸಂದಿಯಲ್ಲಿ ನುಗ್ಗಿದಂತೆ ಸರಾಗವಾಗಿ ಹೋಗಿ ಆಚೆ ಬಂತು.

"ಅಯ್ಯೋ ಪುಣ್ಯಾತ್ಮ! ಎಷ್ಟು ಸಾವಿರ ಕಾಲು ನೋಡಿದೀನಿ, ನನ್ನನ್ನೇ ಯಾಮಾರಿಸಿಬಿಟ್ರಲ್ಲ!" ಎಂದಳು. ನಗುತ್ತಲೇ ಅಂದರೂ ಹಾಳೆಯನ್ನು ಇನ್ನೊಮ್ಮೆ ಬಲಗಾಲಿನ ಕೆಳಗೆ ತೂರಿಸಿ ನೋಡಿದಳು. "ನಾನೂ ಅವತ್ತೇ ಹೀಗೆ ನೋಡಬೇಕಿತ್ತು."

"ನಾನು ನಿಂತೇ ಇದೀನಿ ತಾಯಿ" ಎಂದು ನೆಪಣ್ಣ ಗಾಬರಿಯಿಂದ ಅಂದ. ಬೇಕೆಂದೇ ಬಲಗಾಲನ್ನು ಒತ್ತಲು ಹೋದ. ಕಾಲು ಒಪ್ಪಲಿಲ್ಲ. ಮೈ ಎಡಕ್ಕೆ ವಾಲಿತು. ಮತ್ತೆ ಪ್ರಯತ್ನಿಸಿದ, ಮತ್ತೆ ವಾಲಿತು. ಹಣೆಯಲ್ಲಿ ಬೆವರು ಮೂಡಿತು. "ಇದು ನನ್ನ ಮಾತು ಕೇಳ್ತಿಲ್ಲ. ಬಿದ್ದುಬಿಡ್ತೀನಿ ಅನ್ನಿಸುತ್ತೆ."

"ಯಾರಾದ್ರೂ ಹಿಡ್ಕೋಬೇಕು. ಆದ್ರೆ ನಾನು ಗುಂಡಿ ಹತ್ರ ಇರಬೇಕಲ್ಲ" ಎಂದು ಆಕೆ ಭಾವನ ಕಡೆ ತಿರುಗಿದಳು. ಗೋಡೆಗೆ ನೇತುಹಾಕಿದ್ದ, ಕಿರಣ ತಡೆಯುವ ಸೀಸದ ಏಪ್ರನ್ ತೆಗೆದು ಅವನಿಗೆ ತೊಡಿಸಿದಳು. ಅದರ ಭಾರಕ್ಕೆ ಭಾವನ ಹೆಗಲು ಬಾಗಿತು.

ಅವನು ನೆಪಣ್ಣನ ಹಿಂದೆ ನಿಂತು ಎರಡೂ ಕೈಯಿಂದ ಸೊಂಟದ ಪಕ್ಕ ಹಿಡಿದ.

"ಹಿಡಿದಿದೀನಿ. ಬಿಡು ಭಾರ."

"ಬಿಡಬೇಡಿ ಭಾವ."

"ಬಿಡಲ್ಲ. ಬಿಡೋದಾದ್ರೆ..." ಎಂದವನು ಮಾತು ಮುಗಿಸಲಿಲ್ಲ. ಆಮೇಲೆ ಭಾವನ ಅಂಗೈಗೆ ಗೊತ್ತಾಯಿತು, ಮೈ ನಿಧಾನವಾಗಿ ಬಲಕ್ಕೆ ಸರಿಯುತ್ತಿದೆ. ಬಲಗಾಲಿನ ಬೆರಳುಗಳು ಒಂದೊಂದಾಗಿ ಅಗಲಿದವು. ನೆಪಣ್ಣ ಗೋಡೆ ನಡುಗುವಂತೆ ಒಮ್ಮೆ ಕೂಗಿದ. ಆ ಕೂಗಿನ ನಡುವೆ ಯಂತ್ರ ಸಣ್ಣಗೆ ಟಿಕ್ ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಡಾಕ್ಟರು ಹೊಸ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಎರಡು ಪಾದಗಳು ಪಕ್ಕಪಕ್ಕದಲ್ಲಿ, ಮಂಜಿನಲ್ಲಿ ನಿಂತ ಎಲೆಯುದುರಿದ ಎರಡು ಮರಗಳಂತೆ ಇದ್ದವು. ಎಡಪಾದದಲ್ಲಿ ಹೆಬ್ಬೆರಳಿನ ಉದ್ದ ಎಲುಬೂ ಪಕ್ಕದ ಬೆರಳಿನ ಉದ್ದ ಎಲುಬೂ ಬುಡದಲ್ಲಿ ಒತ್ತಾಗಿ ಕೂತಿದ್ದವು. ಬಲಪಾದದಲ್ಲಿ ಅವೆರಡರ ನಡುವೆ ಕಪ್ಪಾಗಿ ಒಂದು ಸಂದು ಬಿಟ್ಟಿತ್ತು. ಪೆನ್ನಿನ ತುದಿ ತೂರುವಷ್ಟು. ಅಲ್ಲೇ ಅಕ್ಕಿನುಚ್ಚಿನಷ್ಟು ಸಣ್ಣ ಎಲುಬಿನ ಚೂರು ಒಂಟಿಯಾಗಿ ನಿಂತಿತ್ತು.

"ಇಲ್ಲಿ ಒಂದು ಗಟ್ಟಿ ನಾರಿರುತ್ತೆ" ಎಂದು ಡಾಕ್ಟರು ಬೆರಳಿಟ್ಟರು. "ಪಾದದ ಕಮಾನನ್ನ ಹಿಡಿದಿಡೋದು ಅದೇ. ಅದು ಹರಿದಿದೆ, ಹರಿಯುವಾಗ ಎಲುಬಿನ ಚೂರನ್ನೂ ಕಿತ್ಕೊಂಡಿದೆ. ನಾರು ಫೋಟೊದಲ್ಲಿ ಕಾಣಲ್ಲ. ಕಾಲಿಗೆ ಕೆಲಸ ಕೊಡದೇ ಇದ್ರೆ ಎಲುಬುಗಳು ಏನೂ ಆಗಿಲ್ಲ ಅನ್ನೋ ಹಾಗೆ ಜಾಗದಲ್ಲೇ ಇರುತ್ತವೆ. ಭಾರ ಬಿದ್ದಾಗ ಬಿಟ್ಟುಕೊಳ್ಳುತ್ತವೆ."

"ಹಾಗಾದ್ರೆ ನನ್ನ ನೋವು..." ಎಂದ ನೆಪಣ್ಣ.

"ನಿಜವಾದದ್ದು. ಬೇರೆಯವರಾಗಿದ್ರೆ ಊರು ಒಂದು ಮಾಡ್ತಿದ್ರು."

ನೆಪಣ್ಣ ಪರದೆಯನ್ನೇ ನೋಡುತ್ತಿದ್ದ. ಆ ಕಪ್ಪು ಸಂದನ್ನು ನೋಡಿ ಅವನಿಗೆ ಹೆದರಿಕೆಯಾಗಬೇಕಿತ್ತು. ಆದರೆ ಎಷ್ಟೋ ದಿನ ಹುಡುಕಿದ ಬಂಧು ನಿರೀಕ್ಷಿಸದ ಜಾಗದಲ್ಲಿ ಎದುರಾದಂತೆ ಮುಖ ಅರಳಿತು. ಕಣ್ಣಲ್ಲಿ ನೀರೂ ಬಂತು. ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕು, ಕೆಲವು ತಿಂಗಳು ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು. ಏಣಿ ಮತ್ತೆ ಹತ್ತುತ್ತಾನೋ ಇಲ್ಲವೋ ಈಗಲೇ ಹೇಳಲಾಗದು, ಆದರೆ ಇವತ್ತು ಸಿಕ್ಕಿದ್ದು ಒಳ್ಳೆಯದಾಯಿತು, ಇನ್ನಷ್ಟು ದಿನ ನಡೆದಿದ್ದರೆ ಕೈಮೀರುತ್ತಿತ್ತು ಎಂದೂ ಹೇಳಿದರು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಭಾವ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೊರಗೆ ಬಂದ. ಓಣಿಯ ತುದಿಯಲ್ಲಿ, ಜನ ಕಡಿಮೆಯಿದ್ದ ಕಡೆ, ನಿಲ್ಲಿಸಿದ. ಎದುರಿಗೆ ಬಂದು ಕೂರುವ ಧೈರ್ಯವಾಗಲಿಲ್ಲ. ಕುರ್ಚಿಯ ಹಿಂದೆಯೇ ನಿಂತು ಹೇಳಿದ.

"ಅವತ್ತು ನಾನು ಏಣಿ ಬಿಟ್ಟಿದ್ದೆ ಕಣೋ. ಹನಿ ಒರೆಸೋಕೆ."

"ಗೊತ್ತು ಭಾವ."

"ಗೊತ್ತಿತ್ತಾ?"

"ಬೀಳೋ ಮುಂಚೆ ಕೆಳಗೆ ನೋಡ್ದೆ. ನಿಮ್ಮ ಬೆನ್ನು ಕಾಣಿಸ್ತು."

"ಗೊತ್ತಿದ್ದೂ ಯಾಕೋ ಹೇಳ್ಲಿಲ್ಲ? ನಾನು ಅಷ್ಟೆಲ್ಲ ಅಂದೆ. ಮನೆ ಬಿಟ್ಟು ಹೋಗು ಅಂದೆ."

"ಹೇಳಿದ್ರೆ ಅದನ್ನೂ ನೆಪ ಅಂತಿದ್ರಿ."

ಅದು ನಿಜವೇ ಆಗಿತ್ತು. ಒಬ್ಬ ದಾದಿ ಗಾಡಿ ತಳ್ಳಿಕೊಂಡು ಹಾದುಹೋದಳು. ಅವಳು ದಾಟಿದ ಮೇಲೆ ಭಾವ ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಹಚ್ಚಿದ. ನೆಪಣ್ಣ, "ಮನೆಗೆ ಹೋಗಿ ಹೇಳಿದ್ರಾಯ್ತು ಬಿಡಿ" ಎಂದು ಕೈಚಾಚಿದ. ಭಾವ ಫೋನನ್ನು ದೂರ ಹಿಡಿದ.

"ನಾನು" ಎಂದ. "ಫೋಟೊ ಬಂತು. ಒಳಗೆ ಹರಿದಿದೆ. ಆಪರೇಷನ್ ಆಗಬೇಕು... ಇಲ್ಲ, ಅವನು ಸುಳ್ಳು ಹೇಳಿಲ್ಲ. ಇದೊಂದು ವಿಷಯದಲ್ಲಿ ಅವನು ಒಂದು ಸುಳ್ಳೂ ಹೇಳಿಲ್ಲ. ಕೇಳಿಲ್ಲಿ. ಅವತ್ತು ಏಣಿ ಜಾರಿದ್ದು ನಾನು ಕೈ ಬಿಟ್ಟಿದ್ದಕ್ಕೆ. ಅವನಿಗೆ ಹೇಳದೆ ಬಿಟ್ಟೆ. ಇಷ್ಟು ದಿನ ನಿನಗೂ ಹೇಳಲಿಲ್ಲ."

ಭಾವ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ, ತೀರ್ಪಿಗೆ ಕಾಯುವವನಂತೆ. ಕೊನೆಗೆ ಅವಳು ಏನೋ ಹೇಳಿದಳು. ಭಾವ ಫೋನನ್ನು ನೆಪಣ್ಣನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತ.

"ಏನಾದ್ರೂ ತಿಂದಿದೀಯೇನೋ?" ಎಂದಳು ಅಕ್ಕ. ಮೂಗು ಕಟ್ಟಿದ ದನಿ.

"ಇನ್ನೂ ಇಲ್ಲ ಅಕ್ಕ."

"ನಾನೇ ತರ್ತೀನಿ, ಅಲ್ಲೇ ಇರಿ. ಆ ಕಾಲನ್ನ ನೆಲಕ್ಕೆ ಇಟ್ಟೀಯಾ, ಜೋಕೆ." ಆಮೇಲೆ, "ಇವರು ಏನು ಮಾಡ್ತಿದಾರೆ?"

ನೆಪಣ್ಣ ತಿರುಗಿ ನೋಡಿದ. ಭಾವನ ಹೆಗಲು ಅಲುಗುತ್ತಿತ್ತು. ಒಂದು ಕೈ ಮುಖದ ಮೇಲಿತ್ತು. ಇನ್ನೊಂದು ಕೈಯ ಉಗುರು ಗೋಡೆಯಲ್ಲಿ ಎದ್ದಿದ್ದ ಬಣ್ಣದ ಹಕ್ಕಳೆಯನ್ನು ಸುಮ್ಮಸುಮ್ಮನೆ ಕೆರೆಯುತ್ತಿತ್ತು.

"ಗೋಡೆ ನೋಡ್ತಿದಾರೆ" ಎಂದ ನೆಪಣ್ಣ.

"ಗೋಡೆನಾ? ಯಾಕೋ?"

"ಇಲ್ಲಿ ಯಾರೋ ಎರಡನೇ ಕೋಟು ಹೊಡೆದೇ ಇಲ್ಲ ಅಕ್ಕ. ಅದಕ್ಕೆ ಅವರಿಗೆ ತುಂಬಾ ಬೇಜಾರಾಗಿದೆ. ನೀನು ಬೇಗ ಬಾ."